ಜಡ್ಡಿಯಲ್ಲಿ ಬರಿಗಾಲು

ಜಡ್ಡಿಗೆ, ಅಂದರೆ ಕಾಡಿನೊಳಗಿನ ಕೆಸರುನೆಲಕ್ಕೆ, ಇಳಿಯುವ ಮೊದಲು ಗೌಡರು ನನ್ನ ಬೂಟು ಬಿಚ್ಚಿಸಿದರು. ಮಳೆಗಾಲಕ್ಕೆಂದೇ ಹುಬ್ಬಳ್ಳಿಯಿಂದ ತಂದ, ಮೊಣಕಾಲವರೆಗಿನ ದುಬಾರಿ ಬೂಟು. ‘ಇದಿದ್ರೆ ಉಂಬಳ ಹತ್ತೂದಿಲ್ಲ ಗೌಡ್ರೇ’ ಅಂದೆ. ಉಂಬಳ ಅಂದರೆ ರಕ್ತ ಹೀರುವ ಜಿಗಣೆ.

‘ಉಂಬಳ ಹತ್ಲಿ ತಂಗಿ. ಎಂತದ್ರ ಮೇಲೆ ಕಾಲಿಡ್ತೀ ಅಂತ ನಿಂಗೆ ಗೊತ್ತಾಗ್ಬೇಕಲ.’

ಬರಿಗಾಲಲ್ಲಿ ಇಳಿದೆ. ಮೀನಖಂಡದವರೆಗೆ ತಣ್ಣನೆಯ ಕೆಸರು. ಅದರೊಳಗೆ ಗಟ್ಟಿಯಾಗಿ ಏನೋ ಪಾದಕ್ಕೆ ತಾಗಿತು. ರಾಂಪತ್ರೆ, ಅಂದರೆ ಕಾಡುಜಾಯಿಕಾಯಿ ಜಾತಿಯ ಮರದ ಬೇರು. ನೀರು ನಿಲ್ಲುವ ಜಾಗದ ಮರಗಳಲ್ಲವೇ, ಉಸಿರಾಡಲು ಬೇರು ಮಣ್ಣಿನಿಂದ ಮೇಲೆದ್ದು, ಮಡಚಿದ ಮಂಡಿಯ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಮುಂದಿನ ಹೆಜ್ಜೆಗೆ ಉರುಟಾದದ್ದೇನೋ ಸಿಕ್ಕಿತು. ‘ನಿಲ್ಲು, ನಿಲ್ಲು’ ಅಂದ ಗೌಡರು ನನ್ನ ಪಾದದ ಪಕ್ಕ ಕೈ ಹಾಕಿ ಎತ್ತಿದರೆ ಮೊಳಕೆಯೊಡೆದ ಬೀಜ. ನನಗೊಮ್ಮೆ ತೋರಿಸಿ, ಇದ್ದಲ್ಲೇ ಇಟ್ಟು ಕೆಸರು ಮುಚ್ಚಿದರು. ಬೂಟಿನಡಿಗೆ ಸಿಕ್ಕಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ನನ್ನ ಮಾರ್ಗದರ್ಶಿ ತರಬೇತಿ ಶುರುವಾದದ್ದು ಹೀಗೆ. ತರಬೇತಿ ಅನ್ನುವ ಪದ ಸಮಿತಿಯ ನಡಾವಳಿ ಪುಸ್ತಕದಲ್ಲಷ್ಟೇ ಇದೆ. ಗೌಡರ ಬಾಯಲ್ಲಿ ಅದು ‘ತಂಗೀನ ಕರ್ಕಂಡು ತಿರ್ಗೂದು’.

ನಮ್ಮೂರಿರುವುದು ಸಿದ್ದಾಪುರ ತಾಲೂಕಿನಲ್ಲಿ, ಅಘನಾಶಿನಿ ಕಣಿವೆಯ ಮೇಲಂಚಿನಲ್ಲಿ. ಶಿರಸಿಯ ಬಳಿ ಹುಟ್ಟುವ ಈ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟದ ಕಾಡಿನೊಳಗೆ ಹಾದು, ಕುಮಟಾ ತಾಲೂಕಿನಲ್ಲಿ ತನ್ನದೇ ಹೆಸರಿನ ಊರಿನ ಹತ್ತಿರ ಕಡಲು ಸೇರುತ್ತದೆ. ನಡುವೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ ಬಂತು, ಉತ್ತರದ ಕಾಳಿಗೆ ಸೂಪಾ, ಕದ್ರಾ ಎಲ್ಲ ಬಂದವು. ಬೇಡ್ತಿ ಮತ್ತು ಅಘನಾಶಿನಿ ಹೇಗೋ ಉಳಿದುಕೊಂಡಿವೆ. ‘ಹೇಗೋ’ ಅಂದರೆ ಸುಮ್ಮನೆ ಅಲ್ಲ; ನಮ್ಮ ಅಜ್ಜ, ದೊಡ್ಡಪ್ಪಂದಿರ ಕಾಲದಿಂದಲೂ ಸಭೆ, ಪಾದಯಾತ್ರೆ, ಮನವಿ ಅಂತ ಜನ ಓಡಾಡಿದ್ದರಿಂದ.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪು ಹೊತ್ತು ಮನೆಗೆ ಬಂದವಳು ನಾನು. ಸಿಗ್ನಲ್ಲು ಸಿಗುತ್ತಿದ್ದುದು ಅಡಿಕೆ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕುರ್ಚಿ ಹಾಕಿಕೊಂಡು ಮೀಟಿಂಗು ಮುಗಿಸುತ್ತಿದ್ದಾಗ ಒಂದು ಸಂಜೆ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ಬಂದರು. ಪಂಚಾಯ್ತಿಗೊಂದು ಇಂಥ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. ಊರಿನ ಗಿಡ, ಮರ, ತಳಿ, ಪ್ರಾಣಿಗಳ ದಾಖಲೆ ಪುಸ್ತಕ ಬರೆಯುವುದು ಅದರ ಕೆಲಸ. ಅವರಿಗೆ ಕಂಪ್ಯೂಟರು ಬಲ್ಲವರು ಬೇಕಿತ್ತು. ಟೈಪ್ ಮಾಡಿಕೊಡಲು ಹೋದವಳು ಕೊನೆಗೆ ಕೆಸರಿಗೆ ಇಳಿದೆ.

ಟೈಪ್ ಮಾಡುತ್ತ ಮಾಡುತ್ತ ನನಗೆ ನಾಚಿಕೆಯಾಯಿತು. ‘ಜಡ್ಡಿ’ ಅನ್ನುವ ಪದವನ್ನು ಚಿಕ್ಕಂದಿನಿಂದ ಕೇಳಿದ್ದೆ, ದನ ಹೂತುಹೋಗುವ ಜಾಗ ಅಂತ. ನಮ್ಮ ತೋಟಕ್ಕೆ, ಬಚ್ಚಲಿಗೆ, ಒಲೆಯ ಮೇಲಿನ ಪಾತ್ರೆಗೆ ಬರುವ ಅಬ್ಬಿ ನೀರಿನ ಮೂಲ ಅದೇ ಎಂದು ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಏಪ್ರಿಲ್ ಕೊನೆಯವರೆಗೂ ಸಣ್ಣಗೆ ಬಿಡುವ ಜಾಗ ಅದು. ಇಂಥ ಎಷ್ಟೋ ಜಡ್ಡಿಗಳು ಹಿಂದೆಯೇ ಗದ್ದೆಯಾದವು, ಆಮೇಲೆ ಗದ್ದೆಯೂ ತೋಟವಾಯಿತು. ಪರಿಸರ ವಿಜ್ಞಾನಿ ಎಂ. ಡಿ. ಸುಭಾಶ್ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದಲ್ಲಿ ಉಳಿದಿರುವ ರಾಂಪತ್ರೆ ಜಡ್ಡಿಗಳನ್ನು ಹುಡುಕಿ ಹುಡುಕಿ ದಾಖಲಿಸಿದ್ದಾರೆ. ಅವರ ಬರಹಗಳನ್ನು ಓದಿದ ಮೇಲೆ ನಮ್ಮ ಹಿತ್ತಿಲಾಚೆಯ ಕೆಸರಿಗೆ ಲೋಕದಲ್ಲಿ ಇಷ್ಟು ಬೆಲೆಯಿದೆಯೇ ಅನ್ನಿಸಿತು.

ಮೊದಲ ಕೆಲಸ ಬೀಜ ಹೆಕ್ಕುವುದು. ಮುಂಗಾರು ಹಿಡಿಯುವ ಹೊತ್ತಿಗೆ ಕಾಯಿ ಬಿರಿದು ಬೀಳುತ್ತವೆ. ಬೀಜದ ಸುತ್ತ ಜಾಪತ್ರೆಯಂಥ ಬಣ್ಣದ ಹೊದಿಕೆ. ಅದಕ್ಕಾಗಿ ಮಂಗಟ್ಟೆ, ಕಾಡುಪಾರಿವಾಳ ಬರುತ್ತವೆ. ಕೆಳಗೆ ಬಿದ್ದದ್ದಕ್ಕೆ ಏಡಿಗಳು ಕಾಯುತ್ತಿರುತ್ತವೆ. ಈ ಏಡಿಗಳ ವಿಷಯ ನಾನು ನಂಬಿರಲಿಲ್ಲ. ನಿಂಬೆಹಣ್ಣಿನ ಗಾತ್ರದ ಬೀಜವನ್ನು ಒಂದು ಏಡಿ ಕೊಂಬಿನಲ್ಲಿ ಹಿಡಿದು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಬಿಲದೊಳಗೆ ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ನೋಡಿದೆ. ‘ಅದ್ರ ಪಾಲು ಅದಕ್ಕೆ. ಒಂದು ಮರದ ಬುಡದಾಗೆ ಒಂದು ಮುಷ್ಟಿಗಿಂತ ಜಾಸ್ತಿ ಹೆಕ್ಕೂದು ಬ್ಯಾಡ’ ಅಂದರು ಗೌಡರು.

ಆ ದಿನ ಒಂದು ಬುಟ್ಟಿ ತುಂಬ ಬೀಜ ನನ್ನ ಸುಪರ್ದಿಗೆ ಬಂತು. ಸೋಮವಾರದಿಂದ ಆಫೀಸಿನ ಕೆಲಸ ಮೈಮೇಲೆ ಬಿತ್ತು. ‘ಶನಿವಾರ ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬಿ ಹಾಕಿದರಾಯಿತು, ಅಲ್ಲಿಯವರೆಗೆ ಬೂಸಲು ಬರದಿರಲಿ’ ಎಂದು ಬೀಜಗಳನ್ನು ತೊಳೆದು, ಹೊಗೆಯಟ್ಟದ ಮೇಲೆ ಬೆಚ್ಚಗೆ ಹರವಿಟ್ಟೆ. ಬಹಳ ಜವಾಬ್ದಾರಿಯ ಕೆಲಸ ಮಾಡಿದೆನೆಂದು ಒಳಗೊಳಗೇ ಹೆಮ್ಮೆ ಬೇರೆ. ಶನಿವಾರ ಅಟ್ಟದಿಂದ ಇಳಿಸಿದಾಗ ಅಲ್ಲಾಡಿಸಿದರೆ ಬೀಜದೊಳಗೆ ಗಿಲಕಿಯಂತೆ ಶಬ್ದ.

ಗೌಡರು ಬಯ್ಯಲಿಲ್ಲ. ಅಮ್ಮನೇ ಬಯ್ದಳು: ‘ಅಡಕೆ ಒಣಗ್ಸಿದಾಂಗೆ ಒಣಗ್ಸಿದ್ಯಲೇ ಮಾರಾಯ್ತಿ!’

ಭತ್ತದ ಬೀಜ ಕಣಜದಲ್ಲಿ ವರ್ಷ ಕಾಯುತ್ತದೆ. ಜಡ್ಡಿಯ ಬೀಜಕ್ಕೆ ಕಾದು ಗೊತ್ತಿಲ್ಲ. ಸದಾ ನೀರಿರುವ ಜಾಗದಲ್ಲಿ ಬಿದ್ದ ಕೂಡಲೇ ಹುಟ್ಟುವುದು ಅದರ ಅಭ್ಯಾಸ. ತೇವ ಹೋದರೆ ಜೀವವೂ ಹೋಯಿತು. ಆ ಬುಟ್ಟಿಯಲ್ಲಿ ಒಂದೂ ಹುಟ್ಟಲಿಲ್ಲ. ಆಮೇಲೆ ನಾವು ಅದೇ ದಿನ, ಹೆಚ್ಚೆಂದರೆ ಮರುದಿನ, ಜಡ್ಡಿಯದೇ ಕಪ್ಪು ಮಣ್ಣು ಬೆರೆಸಿದ ಚೀಲಕ್ಕೆ ಹಾಕುವ ರೂಢಿ ಮಾಡಿದೆವು. ತೋಟದ ಕಾಲುವೆಯ ಪಕ್ಕ, ಅಡಿಕೆ ಸೋಗೆಯ ಚಪ್ಪರದಡಿ, ಚೀಲದ ಬುಡ ಯಾವಾಗಲೂ ತಣ್ಣಗಿರುವಂತೆ.

ಮೊದಲ ಬಾರಿ ಹೊರಗಿನವರನ್ನು ಕರೆದೊಯ್ದದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಸಿ ಬೆಳೆಸಲು, ಕಾವಲಿಗೆ, ಚಪ್ಪರಕ್ಕೆ ದುಡ್ಡು ಬೇಕಲ್ಲ. ಆಸಕ್ತರನ್ನು ಕಾಡಿಗೆ ಕರೆದುಕೊಂಡು ಹೋಗಿ, ಮನೆಯೂಟ ಹಾಕಿ, ಸಮಿತಿಗೆ ಒಂದಿಷ್ಟು ವಂತಿಗೆ ಪಡೆಯುವ ಯೋಚನೆ ನನ್ನದೇ. ಅರಣ್ಯ ಇಲಾಖೆಗೆ ಪತ್ರ ಬರೆದು ಅನುಮತಿ ಪಡೆದದ್ದೂ ನಾನೇ. ಇದು ಮೊದಲಿನಂತಲ್ಲ. ಸಿಂಹಬಾಲದ ಕೋತಿ ಸಿಂಗಳೀಕಕ್ಕಾಗಿ 2011ರಲ್ಲಿ ಇಲ್ಲಿ ಸುಮಾರು 300 ಚದರ ಕಿಲೋಮೀಟರಿನ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿ ಒಂದೇ ಸಿಂಗಳೀಕ ಅಭಯಾರಣ್ಯ ಮಾಡಿದರು. ಕೇಳದೆ ಒಳಗೆ ಹೋಗುವ ಹಾಗಿಲ್ಲ. ಹುಟ್ಟಿದೂರಿನ ಕಾಡಿಗೆ ಹೋಗಲು ಅರ್ಜಿ ಬರೆಯುವುದು ಮೊದಲ ಸಲ ಚುಚ್ಚಿತು, ನಿಜ. ಆ ದಿನ ಮಧ್ಯಾಹ್ನದ ಹೊತ್ತಿಗೆ, ಅರ್ಜಿ ಇರುವುದು ಯಾಕೆಂದು ಅರ್ಥವಾಗಿತ್ತು.

ಜುಲೈ ತಿಂಗಳು. ಎರಡು ಟೆಂಪೊ ಟ್ರಾವೆಲರಿನಲ್ಲಿ 26 ಜನ ಬಂದಿಳಿದರು. ಒಳ್ಳೆಯ ಜನ, ಮರಗಳ ಬಗ್ಗೆ ಓದಿಕೊಂಡವರು. ಆದರೆ 26 ಜನರ ಸಾಲಿನಲ್ಲಿ ಗೌಡರು ಮುಂದೆ ಹೇಳಿದ್ದು ಹಿಂದಿನವರಿಗೆ ಕೇಳುವುದಿಲ್ಲ. ಬಾಲದಲ್ಲಿದ್ದ ನಾನು ಕೂಗಿದ್ದು ನಡುವಿನವರಿಗೆ ಮಳೆಯಲ್ಲಿ ಕೇಳಲಿಲ್ಲ. ಬೂಟು ಬಿಚ್ಚಿ ಅಂದರೆ ಅರ್ಧ ಜನ ಉಂಬಳಕ್ಕೆ ಹೆದರಿ ಬಿಚ್ಚಲಿಲ್ಲ. ಮಂಡಿಬೇರಿನ ಮೇಲೆ ನಿಂತು ಫೋಟೊ, ಬೇರಿನ ಕಮಾನಿನ ನಡುವೆ ತೂರಿ ಫೋಟೊ. ಅರ್ಧ ಗಂಟೆಯಲ್ಲಿ ಜಡ್ಡಿಯ ಒಂದು ಮಗ್ಗುಲು ನಾಟಿಗೆ ಹೂಡಿದ ಗದ್ದೆಯಾಗಿತ್ತು. ಮೊಳಕೆಗಳೆಲ್ಲ ಎಲ್ಲಿ ಹೋದವೋ.

ಬೀಜ ಹುಟ್ಟುವ ಕಾಲವೂ ಅದೇ, ಜನ ಬರಬಯಸುವ ಕಾಲವೂ ಅದೇ. ಮಳೆಗಾಲದ ಮಲೆನಾಡು ಎಂದು ಕರೆದವರು ನಾವೇ ಅಲ್ಲವೇ?

ಮರುದಿನದ ಸಭೆ ಮೂರು ತಾಸು ನಡೆಯಿತು. ಒಬ್ಬರು ಇದೆಲ್ಲ ಬೇಡವೇ ಬೇಡ ಅಂದರು. ಹೋಂಸ್ಟೇ ಮಾಡಬೇಕೆಂದಿದ್ದ ತಮ್ಮನ ವಯಸ್ಸಿನ ಹುಡುಗನೊಬ್ಬ, ‘ಜನ ಬರದಿದ್ರೆ ಜಡ್ಡಿ ಉಳಿಸಿ ಎಂತ ತಿಂಬದು?’ ಅಂತ ಕೇಳಿದ. ಅವನ ಪ್ರಶ್ನೆ ಸುಳ್ಳಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ ಅದು. ಗೌಡರು ಕೊನೆಯವರೆಗೆ ಮಾತಾಡಲಿಲ್ಲ. ಕವಳ ಉಗಿದು ಬಂದು ಹೇಳಿದ್ದು ಇಷ್ಟೇ: ‘ಕೊಟ್ಟಿಗೆಗೆ ಎಷ್ಟು ದನ ಹಿಡೀತದೆ ಅಂತ ನೋಡಿ ಕಟ್ಟೂದಲ? ಇದೂ ಹಂಗೇ.’

ಕೊನೆಗೆ ಹೊಂದಾಣಿಕೆಯಾಯಿತು. ಒಂದು ಸಲಕ್ಕೆ ಎಂಟು ಜನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಜಡ್ಡಿಯೊಳಗೆ ಇಳಿಯುವಂತಿಲ್ಲ. ಅಂಚಿನಲ್ಲಿ ನಮ್ಮ ತೋಟಕ್ಕೆ ಹೋಗುವ ದಾರಿಯ ಸಂಕದ (ಕಾಲುಸೇತುವೆಯ) ಮೇಲೆ ನಿಂತು ನೋಡುವುದು. ಬೇರೆ ಕಾಡಿನ ಕೆಸರು ಮೆತ್ತಿದ ಬೂಟನ್ನು ನಮ್ಮ ಅಂಗಳದಲ್ಲೇ ತೊಳೆಯಬೇಕು. ಆ ತಿಂಗಳುಗಳಲ್ಲಿ ಕೆಸರಿನಲ್ಲಿ ಕಾಲಿಡುವ ಭಾಗ್ಯ ಬೀಜ ಹೆಕ್ಕಲು, ಸಸಿ ನೆಡಲು ಬರುವವರಿಗೆ ಮಾತ್ರ, ಅದೂ ಬರಿಗಾಲಲ್ಲಿ. ಎಂಟು ಜನರಿಂದ ಬರುವ ದುಡ್ಡು ಕಡಿಮೆ. ಆ ಹುಡುಗ ಇನ್ನೂ ನನ್ನ ಮೇಲೆ ಸ್ವಲ್ಪ ಸಿಟ್ಟಿನಲ್ಲಿದ್ದಾನೆ.

ಉಪ್ಪಾಗೆಯ ಕತೆ ಬೇರೆ. ಸಿಂಗಳೀಕ ನೋಡಬೇಕೆಂದು ಬಂದವರಿಗೆ ನಾನು ಮೊದಲು ತೋರಿಸುವುದು ಉಪ್ಪಾಗೆ ಮರ. ಹಣ್ಣು ಸಿಂಗಳೀಕದ ಮಳೆಗಾಲದ ಆಹಾರ. ಒಣಗಿಸಿದ ಸಿಪ್ಪೆ ನಮ್ಮ ಸಾರಿಗೆ ಹುಳಿ, ಬೀಜದಿಂದ ತುಪ್ಪ. ಮೈ ಕರಗಿಸುವ ಔಷಧಿಗೆ ಇದರ ಸಿಪ್ಪೆಯ ಆಮ್ಲ ಬೇಕೆಂದಾದ ಮೇಲೆ, 1990ರ ದಶಕದಲ್ಲಿ ದರ ಏರಿತು. ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಜನ ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆಯನ್ನೇ ಕಡಿದರು. ಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆ ಒಣಗಿಸಲು ಬೆಂಕಿ ಹಾಕಬೇಕು, ಬೆಂಕಿಗೆ ಮತ್ತೆ ಮರ. ಸಂಶೋಧಕರಾದ ಎಚ್. ಎನ್. ಕುಮಾರ ಮತ್ತು ಮೇವಾ ಸಿಂಗ್ ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕದ 30ಕ್ಕೂ ಹೆಚ್ಚು ಗುಂಪುಗಳಿವೆ ಎಂದು ತೋರಿಸಿದಾಗ, ಇಷ್ಟು ಉತ್ತರದಲ್ಲಿ ಇಷ್ಟೊಂದು ಇವೆಯೇ ಎಂಬ ಬೆರಗಿನ ಜೊತೆಗೇ ಈ ಹಣ್ಣಿನ ಪೈಪೋಟಿಯೂ ಚರ್ಚೆಗೆ ಬಂತು. ನಮ್ಮೂರಿನ ಬೆಟ್ಟಗಳಲ್ಲಿ ಈಗ ಹಳದಿಯಾದ ಹಣ್ಣು ಮಾತ್ರ, ಕೊಕ್ಕೆಗೆ ಎಟುಕುವಷ್ಟು ಮಾತ್ರ ಎಂಬ ಮಾತಾಗಿದೆ. ತುದಿಯದು ಅವಕ್ಕೆ. ಎಲ್ಲರೂ ಪಾಲಿಸುತ್ತಾರೆಯೇ ಎಂದರೆ, ಇಲ್ಲ. ಆದರೆ ಕದ್ದು ಕೊಯ್ದವರು ಈಗ ಸಭೆಯಲ್ಲಿ ತಲೆ ತಗ್ಗಿಸುತ್ತಾರೆ. ಮೊದಲು ಅದೂ ಇರಲಿಲ್ಲ.

ನಾನೊಬ್ಬಳೇ ಮುಂದೆ ನಿಂತು ನಡೆಸಿದ ಮೊದಲ ತಿರುಗಾಟ ರಾತ್ರಿಯದು. ಅಭಯಾರಣ್ಯದೊಳಗೆ ರಾತ್ರಿ ಹೋಗುವಂತಿಲ್ಲ, ಹಾಗಾಗಿ ನಮ್ಮ ತೋಟದಂಚಿನ ಹಳ್ಳ. ಏಳು ಜನ ಬಂದಿದ್ದರು, ಅವರಲ್ಲಿ ಧಾರವಾಡದ ಒಬ್ಬ ಹುಡುಗಿ, ಆರನೆಯ ತರಗತಿಯವಳು. ಹೊರಡುವ ಮೊದಲು ಎಲ್ಲರ ಕಾಲು ಪರೀಕ್ಷೆ. ಉಂಬಳಕ್ಕೆಂದು ಸುಣ್ಣ, ಹೊಗೆಸೊಪ್ಪಿನ ಪುಡಿ, ಉಪ್ಪು ಹಚ್ಚಿಕೊಂಡಿದ್ದರೆ ತೊಳೆಯಬೇಕು. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ. ನಮ್ಮ ಕಾಲಿನ ಸುಣ್ಣ ಹಳ್ಳಕ್ಕೆ ಸೇರಿದರೆ ಅದಕ್ಕೆ ಉರಿ. ಒಬ್ಬರು ಗೊಣಗಿದರು. ‘ಒಂದೆರಡು ಉಂಬಳ ಕಚ್ಚಿದ್ರೆ ರಕ್ತ ಶುದ್ಧಿಯಾಗ್ತದೆ’ ಎಂದು ಗೌಡರು ಹಿಂದಿನಿಂದ ಸಮಾಧಾನ ಹೇಳಿದರು. ಈ ಸಲ ಬಾಲದಲ್ಲಿ ಅವರು.

ಹಳ್ಳ ಮುಟ್ಟುತ್ತಲೇ ದೀಪ ಆರಿಸಲು ಹೇಳಿದೆ. ಕತ್ತಲು ಎಂದರೆ ಕತ್ತಲು, ನಮ್ಮ ಕೈ ನಮಗೆ ಕಾಣದು. ಜೀರುಂಡೆಯ ಸದ್ದಿನ ಕೆಳಗೆ, ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದಂತೆ ‘ಟಕ್’ ಅಂತ ಒಂದು. ಸುಮ್ಮನಿದ್ದೆವು. ಮತ್ತೆ ‘ಟಕ್’. ಕುಂಬಾರ ಕಪ್ಪೆ. ಕತ್ತಲೆಕಾನು ಎಂಬ ಕಾಡಿನಲ್ಲಿ ಇದನ್ನು ಅಭ್ಯಾಸ ಮಾಡಿ, 2014ರಲ್ಲಿ ಹೊಸ ಜಾತಿಯೆಂದು ಲೋಕಕ್ಕೆ ತಿಳಿಸಿದವರು ಕೆ. ವಿ. ಗುರುರಾಜ ಮತ್ತು ಸಂಗಡಿಗರು. ವೈಜ್ಞಾನಿಕ ಹೆಸರಿನಲ್ಲೂ ‘ಕುಂಬಾರ’ ಎಂಬ ಕನ್ನಡ ಪದವೇ ಇದೆ. ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆಯಿಟ್ಟು ಹೆಣ್ಣು ಹೋಗುತ್ತದೆ. ಆಮೇಲಿನದು ಗಂಡಿನ ಕೆಲಸ: ಹಳ್ಳದ ತಳದಿಂದ ಮಣ್ಣು ತಂದು, ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಮುಂಗೈಯಿಂದ ಮೊಟ್ಟೆಗೆ ಮೆತ್ತುತ್ತದೆ. ಒಣಗಬಾರದು, ತಿನ್ನಲು ಬರುವವರ ಕಣ್ಣಿಗೂ ಬೀಳಬಾರದು.

ಆ ರಾತ್ರಿ ನಮಗೆ ಅದರ ಕೈಕೆಲಸ ಪೂರ್ತಿ ನೋಡಲು ಸಿಗಲಿಲ್ಲ. ಮಂದ ಬೆಳಕಿನಲ್ಲಿ, ಕಡ್ಡಿಯ ಮೇಲೆ ಒದ್ದೆ ಮಣ್ಣಿನ ಒಂದು ಉಂಡೆ, ಅದರಡಿ ನೀರಿನಲ್ಲಿ ಕುಳಿತ ಒಂದು ಕಪ್ಪೆ, ಇಷ್ಟೇ. ಎರಡು ನಿಮಿಷದ ಮೇಲೆ ಬೆಳಕು ಬಿಡುವಂತಿಲ್ಲ ಎಂದೆ. ಕತ್ತಲಲ್ಲಿ ಮತ್ತೆ ಕುಳಿತೆವು. ಆ ಹುಡುಗಿ ನನ್ನ ಕಿವಿಯ ಹತ್ತಿರ ಬಂದು, ‘ಮಣ್ಣು ಬಿದ್ದೋದ್ರ ಮತ್ತ ಹಚ್ಚತೈತೇನ್ರಿ ಆಂಟಿ?’ ಅಂತ ಕೇಳಿದಳು. ‘ನನಗೂ ಗೊತ್ತಿಲ್ಲ ಪುಟ್ಟಿ, ಮುಂದಿನ ಸಲ ಇಬ್ಬರೂ ಕೂತು ನೋಡೋಣ’ ಅಂದೆ. ತಿಂಗಳುಗಟ್ಟಲೆ ಓದಿ, ಪಟ್ಟಿ ಬಾಯಿಪಾಠ ಮಾಡಿ ಹೋಗಿದ್ದೆ. ಅವಳು ಕೇಳಿದ್ದು ಪಟ್ಟಿಯಲ್ಲಿಲ್ಲದ್ದು. ಮನೆಗೆ ಬಂದು ಎಲ್ಲರಿಗೂ ಬಿಸಿ ಕಷಾಯ ಕೊಡುವಾಗ ಗೌಡರು ಮೆಲ್ಲಗೆ, ‘ಗೊತ್ತಿಲ್ಲ ಅಂದ್ಯಲ, ಅದು ಸಮ ಆತು’ ಅಂದರು. ಅವರಿಂದ ಬಂದ ಏಕೈಕ ಸರ್ಟಿಫಿಕೇಟು.

ಎಲ್ಲ ತಂಡವೂ ಹೀಗಲ್ಲ. ಸಿಂಗಳೀಕ ಕಾಣಲಿಲ್ಲವೆಂದು ದುಡ್ಡು ವಾಪಸು ಕೇಳಿದವರಿದ್ದಾರೆ. ಡ್ರೋನ್ ತಂದು, ಬೇಡವೆಂದರೆ ಮುನಿಸಿಕೊಂಡವರಿದ್ದಾರೆ.

ನನಗೆ ತುಂಬ ಹಿಡಿಸಿದ ತಂಡ ಬಂದದ್ದು ಜನವರಿಯಲ್ಲಿ, ಹೊಳೆಯ ಇನ್ನೊಂದು ತುದಿಯಿಂದ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪಿನ ಜೀವಿ, ಹೆಕ್ಕುವ ಹೆಂಗಸರು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತಲ್ಲ, ಆ ನೆವದಲ್ಲಿ ಹೊಳೆಯ ತುದಿಯವರು ಬುಡದವರ ಮನೆಗೆ ಬಂದುಹೋಗಲಿ ಎಂದು ಕರೆದಿದ್ದೆವು. ಅವರಿಗೆ ಬೂಟು ಬಿಚ್ಚಲು ಹೇಳಬೇಕಾಗಿಯೇ ಬರಲಿಲ್ಲ. ಸೀರೆ ಎತ್ತಿ ಕಟ್ಟಿ, ಒಬ್ಬರ ಹಿಂದೊಬ್ಬರು ಜಡ್ಡಿಗೆ ಇಳಿದರು. ಇಳಿತದ ಹೊತ್ತಿನಲ್ಲಿ ಹೊಳೆಯ ಕೆಸರಿನೊಳಗೆ ಪಾದದಿಂದಲೇ ಬಳಚು ಎಲ್ಲಿದೆಯೆಂದು ಹುಡುಕುವವರು ಅವರು. ಗೌಡರು ನನಗೆ ಆರು ತಿಂಗಳು ಕಲಿಸಿದ್ದು ಅವರ ಕಾಲಿಗೆ ಮೊದಲೇ ಗೊತ್ತಿತ್ತು. ಒಬ್ಬಾಕೆ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿ, ‘ಸಿಹಿ’ ಅಂದಳು. ಬಳಚಿಗೆ ಬರೀ ಉಪ್ಪುನೀರೂ ಆಗದು, ಬರೀ ಸಿಹಿನೀರೂ ಆಗದು, ಎರಡೂ ಬೆರೆಯಬೇಕು. ಬೆರೆಯುವ ಸಿಹಿಯ ಪಾಲು ಎಲ್ಲಿಂದ ಹೊರಡುತ್ತದೆಂದು ಆಕೆ ನೋಡುತ್ತ ನಿಂತಳು. ಅಮ್ಮ ಅವರಿಗೆ ತೊಡದೇವು ಕಟ್ಟಿಕೊಟ್ಟಳು. ಅವರು ಹಿಂದಿನ ವಾರವೇ ಕಳಿಸಿದ್ದ ಸಾಣಿಕಟ್ಟೆಯ ಉಪ್ಪಿನಲ್ಲಿ ನಾವು ಆ ವರ್ಷ ಅಪ್ಪೆಮಿಡಿ ಹಾಕಿದೆವು.

ಸಸಿಗಳ ಲೆಕ್ಕ ಹೇಳುವುದಾದರೆ ಹೆಗ್ಗಳಿಕೆಯದಲ್ಲ. ಜಡ್ಡಿ ಕಡಿದು ಗದ್ದೆ ಮಾಡಿ, ಈಗ ಹಾಳುಬಿದ್ದ ತುಂಡು ನೆಲದಲ್ಲಿ ನೆಡುತ್ತಿದ್ದೇವೆ. ಮೊದಲ ವರ್ಷದವನ್ನು ಕಡವೆ ತಿಂದವು. ಎರಡನೆಯ ವರ್ಷದವು ಬಿಸಿಲಿಗೆ ಸುಟ್ಟವು. ನೆರಳಿನ ಗಿಡಗಳನ್ನು ಬಯಲಿಗೆ ತಂದಿಟ್ಟರೆ ಇನ್ನೇನಾಗುತ್ತದೆ? ಮೊದಲು ಬೇಗ ಬೆಳೆಯುವ ಮರ, ಅದರ ನೆರಳಿಗೆ ಆಮೇಲೆ ರಾಂಪತ್ರೆ ಅಂತ ಈಗ ಕಲಿತಿದ್ದೇವೆ. ಚಪ್ಪರದಡಿ ಬೇಲಿ ಹಾಕಿ, ಎಲ್ಲಕ್ಕಿಂತ ಜೋಪಾನವಾಗಿ ಇಟ್ಟಿರುವುದು ನಾಲ್ಕು ಸಸಿಗಳನ್ನು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್, ಗೇರಿನ ಬಳಗದ್ದು. ಇಂಥದೊಂದು ಮರ ಇದೆಯೆಂದು ವಿಜ್ಞಾನ ಬರೆದುಕೊಂಡದ್ದೇ 2000ದಲ್ಲಿ. ಕಾಡಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಷ್ಟೇ ಇದೆ. ಇದರಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ನಮ್ಮ ನಾಲ್ಕರಲ್ಲಿ ಯಾವುದು ಏನೆಂದು ತಿಳಿಯಲು ಹೂವಿನವರೆಗೆ ಕಾಯಬೇಕು. ‘ಅಷ್ಟೊತ್ತಿಗೆ ನಾನಿರೂದಿಲ್ಲ, ನೀನು ನೋಡ್ಕ’ ಎಂದು ಗೌಡರು ಆ ಕೆಲಸವನ್ನೂ ನನ್ನ ತಲೆಗೆ ಕಟ್ಟಿದ್ದಾರೆ.

ನಿನ್ನೆ ಸಂಜೆ ಬೆಂಗಳೂರಿನಿಂದ ಫೋನು. ಹದಿನೈದು ಜನ ಇದ್ದಾರಂತೆ, ಈ ವಾರಾಂತ್ಯಕ್ಕೆ.

‘ಎಂಟು ಜನಕ್ಕೆ ಮಾತ್ರ ಸರ್. ಜಡ್ಡಿ ಒಳಗೆ ಇಳಿಸೂದಿಲ್ಲ, ಸಂಕದ ಮೇಲಿಂದ ನೋಡೂದು.’

‘ಸಿಂಗಳೀಕ ಕಾಣುತ್ತಾ ಮೇಡಂ?’

‘ಹೇಳೂಕೆ ಬರೂದಿಲ್ಲ.’

‘ಮತ್ತೆ ಏನು ಗ್ಯಾರಂಟಿ ಕಾಣುತ್ತೆ?’

‘ಉಂಬಳ’ ಅಂದೆ.

ಯೋಚಿಸಿ ಹೇಳುತ್ತೇನೆಂದು ಇಟ್ಟರು. ಹೊರಗೆ ಮಳೆ ಹಿಡಿದಿತ್ತು. ಜಗುಲಿಯ ಮೇಲೆ ಬೆಳಿಗ್ಗೆ ಹೆಕ್ಕಿದ ಬೀಜದ ಬುಟ್ಟಿ, ಮೇಲೊಂದು ಒದ್ದೆ ಗೋಣಿ. ಕತ್ತಲಾಗುವುದರೊಳಗೆ ಚೀಲಕ್ಕೆ ಹಾಕಬೇಕಿತ್ತು. ಅಮ್ಮನನ್ನು ಮಣ್ಣು ಹಿಡಿಯಲು ಕರೆದೆ.